ಮಾತಾಡಿದವರ ಪಟ್ಟಿ

ಶಿವಾಜಿನಗರದಲ್ಲಿ ಬಸ್ಸು ಹತ್ತಿ "ಒಂದು ಪುಲಿಕೇಶಿನಗರ" ಅಂತ ಟಿಕೆಟ್ ಕೇಳಿ ನೋಡಿ. ಕಂಡಕ್ಟರ್ ಒಂದು ಕ್ಷಣ ನಿಮ್ಮ ಮುಖ ನೋಡಿ, "ಫ್ರೇಜರ್ ಟೌನಾ?" ಅಂತಾನೆ. ಯಾರಪ್ಪಾ ಈ ಫ್ರೇಜರ್ ಅಂತ ಕೇಳಿದರೆ, ಯಾರೋ ಬ್ರಿಟಿಷ್ ಸಾಹೇಬ ಅನ್ನೋ ಉತ್ತರ ಬರುತ್ತೆ. ನಾನೂ ಬಹಳ ವರ್ಷ ಹಾಗೇ ಅಂದುಕೊಂಡಿದ್ದೆ. ಸಾಹೇಬನೇ ನಿಜ, ಆದರೆ ಅದಕ್ಕೂ ಮೊದಲು ಆತ ಒಬ್ಬ ಮೇಷ್ಟ್ರು.

1894ರ ಕೊನೆಯಲ್ಲಿ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ತೀರಿಕೊಂಡಾಗ ಮಗ ಕೃಷ್ಣರಾಜರಿಗೆ ಇನ್ನೂ ಹತ್ತು ವರ್ಷ. ತಾಯಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟ್ ಆದರು. ಬಾಲಕ ಮಹಾರಾಜರಿಗೆ ಪಾಠ ಹೇಳೋಕೆ 1896ರಲ್ಲಿ ಬಂದವರು ಸ್ಟುವರ್ಟ್ ಫ್ರೇಸರ್. ಆ ಪುಟ್ಟ ತರಗತಿಯಲ್ಲಿ ಮುಂದೆ ದಿವಾನರಾದ ಮಿರ್ಜಾ ಇಸ್ಮಾಯಿಲ್ ಕೂಡ ಇದ್ದರು. ಈ ಮೇಷ್ಟ್ರ ಕಷ್ಟ ಸ್ವಲ್ಪ ಯೋಚನೆ ಮಾಡಿ. ಹುಡುಗ ಹೋಂವರ್ಕ್ ಮಾಡಿಲ್ಲ ಅಂದ್ರೆ ಬೆಂಚಿನ ಮೇಲೆ ನಿಲ್ಲಿಸೋ ಹಾಗಿಲ್ಲ, ಅವನು ಸಿಂಹಾಸನದ ಮೇಲೆ ಕೂರೋನು. "ನಾಳೆ ನಿಮ್ಮ ಅಮ್ಮನ್ನ ಕರ್ಕೊಂಡ್ ಬಾ" ಅನ್ನೋ ಹಾಗೂ ಇಲ್ಲ, ಬರೋದು ಸಾಕ್ಷಾತ್ ರಾಜ್ಯ ಆಳುವ ಮಹಾರಾಣಿ! 1902ರಲ್ಲಿ ಶಿಷ್ಯನಿಗೆ ಅಧಿಕಾರ ಸಿಕ್ಕಿತು. 1905ರಲ್ಲಿ ಮೇಷ್ಟ್ರು ರೆಸಿಡೆಂಟ್ ಆಗಿ ವಾಪಸ್ ಬಂದರು. 1898ರ ಪ್ಲೇಗು ಇಕ್ಕಟ್ಟಿನ ಓಣಿಗಳನ್ನು ಹಿಂಡಿ ಹಾಕಿದ ಮೇಲೆ, ಗಾಳಿ ಬೆಳಕು ಬರೋ ಹಾಗೆ ಅಗಲ ರಸ್ತೆಗಳ ಹೊಸ ಬಡಾವಣೆ ಕಟ್ಟಿ ಅದಕ್ಕೆ ಅವರ ಹೆಸರಿಟ್ಟರು.

ಅದೇ ಬಡಾವಣೆಯಲ್ಲಿ, 1983ರಲ್ಲಿ, ನಮ್ಮ ಕನ್ನಡ ಮೇಷ್ಟ್ರಿಗೆ ಆರನೇ ಕ್ಲಾಸಿನಲ್ಲಿ ಅರವತ್ತು ಮಹಾರಾಜರಿದ್ದರು. ಮನೆಯಲ್ಲಿ ತಮಿಳು, ಉರ್ದು, ತೆಲುಗು, ಇಂಗ್ಲಿಷ್, ಮಲಯಾಳಂ. ಕನ್ನಡ ಮಾತಾಡೋರನ್ನ ಬೆರಳಲ್ಲಿ ಎಣಿಸಬಹುದಿತ್ತು. ಮೇಷ್ಟ್ರು ಹಲಸೂರಿಂದ ಸೈಕಲ್ಲಲ್ಲಿ ಬರೋರು. ಹಿಂದಿನ ಬೆಂಚಿನ ಇಬ್ಬರು ಅವರ ಕೊಡೆ ಬಗ್ಗೆ ತಮಿಳಲ್ಲಿ ಕಾಮೆಂಟ್ ಹೊಡೆದರು. ಮೇಷ್ಟ್ರು ಬೋರ್ಡ್ ಕಡೆಯಿಂದ ತಿರುಗದೇ ಅದಕ್ಕಿಂತ ಒಳ್ಳೇ ತಮಿಳಲ್ಲಿ ಉತ್ತರ ಕೊಟ್ಟರು. ಹುಡುಗರು ಉರ್ದುಗೆ ಹಾರಿದರು. ಮೇಷ್ಟ್ರೂ ಹಾರಿದರು. ಆಮೇಲೆ "ಇನ್ನು ಉಳಿದಿರೋದು ಕನ್ನಡ ಒಂದೇ ಕಣ್ರೋ, ಅದರಲ್ಲಿ ಬೈಯಿರಿ, ತಪ್ಪಿದ್ರೆ ತಿದ್ದುತೀನಿ" ಅಂದರು. ಆ ವರ್ಷ ನಾವು ಕಲಿತ ಕನ್ನಡದಲ್ಲಿ ಅರ್ಧ ಹಾಗೇ ಬಂದದ್ದು.

ಪುಲಿಕೇಶಿ ಹರ್ಷವರ್ಧನನನ್ನು ಎಲ್ಲಿ ಸೋಲಿಸಿದ ಅಂತ ಒಂದು ದಿನ ಕೇಳಿದರು. ನರ್ಮದೆ ಅಂತ ಬರಬೇಕಾದ ಉತ್ತರ "ಕೋಲ್ಸ್ ಪಾರ್ಕಲ್ಲಿ ಸಾರ್" ಅಂತ ಬಂತು. ಆಗಿನ್ನೂ ಪುಲಿಕೇಶಿಯ ಹೆಸರು ನಮ್ಮ ಏರಿಯಾಕ್ಕೆ ಬಂದಿರಲಿಲ್ಲ. ಆಮೇಲೆ ಬಂದಾಗ ಅವನ ಉತ್ತರಕ್ಕೆ ಅರ್ಧ ಮಾರ್ಕಾದರೂ ಕೊಡಬೇಕಿತ್ತು ಅನ್ನಿಸಿದ್ದುಂಟು.

ಎಲ್ಲಾ ಮೇಷ್ಟ್ರುಗಳೂ ಹೀಗಿರಲಿಲ್ಲ. ಬೆತ್ತ ಇತ್ತು, ಗುರಿ ತಪ್ಪದ ಡಸ್ಟರ್ ಇತ್ತು, ಬಸ್ಕಿ ಇತ್ತು. ನಮ್ಮ ತಾತಂದಿರ ಕೂಲಿಮಠದ ಐಗಳ ಕಾಲದಲ್ಲಿ ಕೋದಂಡ ಅಂತಲೇ ಇತ್ತಂತೆ, ತೊಲೆಗೆ ಕಟ್ಟಿದ ಹಗ್ಗ ಹಿಡಿದು ಹುಡುಗ ಜೋತಾಡಬೇಕು. ಅದಕ್ಕೆ ಹೋಲಿಸಿದರೆ ನಮ್ಮದು ರಾಮರಾಜ್ಯ. ಮೇಷ್ಟ್ರು ಇಲ್ಲದಾಗ ಮಾತ್ರ ರಾಜ್ಯಭಾರ ಮಾನಿಟರ್‌ದು. ಬೋರ್ಡಿನ ಮೂಲೆಯಲ್ಲಿ "ಮಾತಾಡಿದವರು" ಅಂತ ಬರೆದು ಕೆಳಗೆ ಗೆರೆ ಎಳೆದು ಹೆಸರು ಬರೆಯೋ ಆ ಅಧಿಕಾರ, ಓದುಗರೇ, ದಿವಾನಗಿರಿಗೂ ಇಲ್ಲ.

ಈ ಮಾನಿಟರ್ ಅನ್ನೋ ಪ್ರಾಣಿ ಇಂಗ್ಲೆಂಡಿಂದ ಬಂದದ್ದಲ್ಲ, ಪಕ್ಕದ ಮದ್ರಾಸಲ್ಲೇ ಬೆಳೆದದ್ದು. 1789ರಲ್ಲಿ ಅಲ್ಲಿ ಸೈನಿಕರ ಅನಾಥ ಗಂಡುಮಕ್ಕಳಿಗೆ ಶುರುವಾದ ಶಾಲೆಯನ್ನು ಆಂಡ್ರ್ಯೂ ಬೆಲ್ ಅನ್ನೋ ಪಾದ್ರಿ ನೋಡಿಕೊಳ್ಳುತ್ತಿದ್ದ. ನಮ್ಮ ಕಡೆಯ ಜಗಲಿ ಶಾಲೆಯಲ್ಲಿ ಮಕ್ಕಳು ಮರಳಲ್ಲಿ ಅಕ್ಷರ ತೀಡೋದನ್ನ ನೋಡಿ, ತನ್ನ ಶಾಲೆಯಲ್ಲೂ ಮಾಡಿಸೋಣ ಅಂದ. ಅವನ ಮೇಷ್ಟ್ರುಗಳು ಆಗಲ್ಲ ಅಂದರು. ಬೆಲ್ ಎಂಟು ವರ್ಷದ ಹುಡುಗನೊಬ್ಬನ ಕೈಗೆ ಚಿಕ್ಕವರ ಕ್ಲಾಸು ಕೊಟ್ಟ, ಅವನು ಮಾಡಿ ತೋರಿಸಿದ. ತಪ್ಪು ಬರೆದಿಡೋಕೆ ಒಂದು ಕಪ್ಪು ಪುಸ್ತಕ, ವಾರಕ್ಕೊಮ್ಮೆ ವಿಚಾರಣೆ, ತೀರ್ಪು ಕೊಡೋರೂ ಹುಡುಗರೇ. 1797ರಲ್ಲಿ ಈ ಬಗ್ಗೆ ಲಂಡನ್ನಿನಲ್ಲಿ ಅವನ ಪುಸ್ತಕ ಬಂತು. "ಮದ್ರಾಸ್ ಪದ್ಧತಿ" ಅನ್ನೋ ಹೆಸರಲ್ಲಿ ಅದು ಇಂಗ್ಲೆಂಡಿನ ಶಾಲೆಗಳಿಗೆ ಹೋಯ್ತು. ಸುತ್ತಿ ಬಳಸಿ ನನ್ನ ಕೈಗೆ ಸೀಮೆಸುಣ್ಣವಾಗಿ ಬಂತು.

ಹೌದು, ಆ ವರ್ಷದ ಮಾನಿಟರ್ ನಾನೇ. ನನ್ನ ರೇಟು ಸರಳ: ಅರ್ಧ ಬನ್ನು ಕೊಟ್ಟರೆ ಹೆಸರು ಅಳಿಸುತ್ತಿದ್ದೆ. ಮಾವಿನಕಾಯಿ ಹೋಳು ಕೊಟ್ಟರೆ ಬರೆಯುತ್ತಲೇ ಇರಲಿಲ್ಲ. ಒಬ್ಬ ಮಾತ್ರ ಏನೂ ಕೊಡಲಿಲ್ಲ. ಮಾಸ್ಕ್ ರೋಡ್ ಕಡೆಯ ಹುಡುಗ, ಬೆಳಿಗ್ಗೆ ಮನೆಮನೆಗೆ ಬ್ರೆಡ್ ಹಾಕಿ ತಡವಾಗಿ ಬರೋನು. ಬಂದ ಕೂಡಲೇ ಪಕ್ಕದವನನ್ನ "ಯಾವ ಪೇಜು?" ಅಂತ ಕೇಳೋನು. ಅದೂ ಮಾತೇ ಅಲ್ಲವಾ? ದಿನಾ ಅವನ ಹೆಸರು ಮೊದಲು. ಮುಂದಿನ ಪೀರಿಯಡ್ಡಿನವರು ದಿನಾ ಎರಡೇಟು.

ಒಂದು ದಿನ ಕನ್ನಡ ಮೇಷ್ಟ್ರು ಪಟ್ಟಿ ನೋಡಿ, "ಏನೋ, ದಿನಾ ಇವನೇ ಭಾಷಣ ಮಾಡ್ತಾನಾ? ಏನು ಮಾತಾಡಿದ ಹೇಳು" ಅಂದರು. "ಯಾವ ಪೇಜು ಅಂದ ಸಾರ್" ಅಂದೆ. ಅಷ್ಟು ಹೇಳೋಕೇ ನನಗೆ ಗಂಟಲು ಕಟ್ಟಿತು. ಮೇಷ್ಟ್ರು ನನಗೆ ಹೊಡೆಯಲಿಲ್ಲ. ಬೋರ್ಡ್ ಒರೆಸಿ ಸೀಮೆಸುಣ್ಣವನ್ನ ಅವನಿಗೆ ಕೊಟ್ಟರು. ಮರುದಿನ ಬೋರ್ಡ್ ಖಾಲಿ. "ಏನಪ್ಪಾ, ಯಾರೂ ಮಾತಾಡ್ಲಿಲ್ವಾ?" "ಎಲ್ಲಾರೂ ಮಾತಾಡಿದ್ರು ಸಾರ್. ಬೋರ್ಡಲ್ಲಿ ಜಾಗ ಸಾಲಲ್ಲ." ಕ್ಲಾಸೆಲ್ಲ ನಕ್ಕಿತು. ಮೇಷ್ಟ್ರೂ ನಕ್ಕರು. ಮುಂದಿನ ವರ್ಷ, ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆಗೆ ಮೊದಲೇ, ಅವನು ಬರೋದು ನಿಂತುಹೋಯ್ತು.

ಈಗ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಮಕ್ಕಳಿಗೆ ಹೊಡೆಯೋ ಹಾಗಿಲ್ಲ, ಮನಸ್ಸು ನೋಯಿಸೋ ಹಾಗೂ ಇಲ್ಲ. 2010ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ನಮ್ಮ ಹಳೇ ವಿದ್ಯಾರ್ಥಿಗಳ ಕೂಟದಲ್ಲಿ ಮಾತ್ರ "ಆಗಿನ ಏಟೇ ಏಟು ಮಗಾ, ಅದರಿಂದಲೇ ಉದ್ಧಾರ ಆದ್ವಿ" ಅಂತ ಬಿರಿಯಾನಿ ತಿಂತಾ ಹೇಳಿಕೊಂಡು ನಗುತ್ತೇವೆ. ನಾನೂ ನಗುತ್ತೇನೆ. ಆಮೇಲೆ ಸುತ್ತ ಎಣಿಸುತ್ತೇನೆ, ಮಾನಿಟರ್ ಬುದ್ಧಿ ನೋಡಿ! ಹತ್ತನೇ ಕ್ಲಾಸು ಮುಗಿಸಿದವರಷ್ಟೇ ಇರುತ್ತಾರೆ. ಬ್ರೆಡ್ ಹುಡುಗನ ನಂಬರ್ ಯಾರ ಫೋನಿನಲ್ಲೂ ಇಲ್ಲ.

ಇನ್ನೊಂದು ವಿಷಯ. ನಮ್ಮ ಏರಿಯಾದ ಆ ಹಳೇ ಮೇಷ್ಟ್ರ ಹೆಸರಿನಲ್ಲಿದ್ದದ್ದು 'ಎಸ್' ಅಕ್ಷರ. ನಾವು ಅಂಗಡಿ ಬೋರ್ಡುಗಳ ತುಂಬಾ ಬರೆದುಕೊಂಡಿರೋದು 'ಝಡ್'. ನಮ್ಮ ಕನ್ನಡ ಮೇಷ್ಟ್ರು ಇದ್ದಿದ್ದರೆ ಇಡೀ ಫ್ರೇಜರ್ ಟೌನಿಗೆ ನೂರು ಸಲ ಬರೆಯೋ ಇಂಪೊಸಿಷನ್ ಕೊಟ್ಟಿರೋರು. ನನಗೆ ಇನ್ನೂರು.