ಕಾಲು ನೆಲಕ್ಕೆ ಎಟಕುವ ಬೈಕಿನ ಚರಿತ್ರೆ

ಕಳೆದ ದೀಪಾವಳಿಗೆ (2025) ಸಿಂಧನೂರಿಗೆ ಹೋದಾಗ ಮನೆಯಲ್ಲಿ ಮೆಲ್ಲಗೆ ವಿಷಯ ತೆಗೆದೆ, ಬೈಕ್ ತಗೋಬೇಕು ಅಂತಿದೀನಿ ಅಂತ. ಅವ್ವ ಚಹಾ ಸೋಸೋದು ನಿಲ್ಲಿಸಿ ಒಂದೇ ಮಾತು ಹೇಳಿದಳು. "ಎರಡೂ ಕಾಲು ನೆಲಕ್ಕ ಹತ್ತೋ ಗಾಡಿ ತಗೊಂಡ್ರ ಅಷ್ಟ ನಾ ಕೂಡ್ತೀನಿ, ನೋಡು."

ಅವಳು ಹಾಗೆ ಹೇಳೋಕೆ ಕಾರಣ ಇದೆ. ನನ್ನ ಎತ್ತರ ಐದಡಿ ಮೂರಿಂಚು. 2019ರಲ್ಲಿ ಗೆಳೆಯನ ದೊಡ್ಡ ಗಾಡಿ ಇಸಕೊಂಡು, ಅವ್ವನನ್ನ ಹಿಂದೆ ಕೂಡಿಸಿಕೊಂಡು ಲಿಂಗಸುಗೂರಿನಿಂದ ಊರಿಗೆ ಬರ್ತಿದ್ದೆ. ಮಸ್ಕಿ ದಾಟಿದ ಮೇಲೆ ಎದುರಿಗೆ ಹುಲ್ಲು ಹೇರಿದ ಟ್ರ್ಯಾಕ್ಟರ್ ಬಂತು. ಬದಿಗೆ ತಂದು ನಿಲ್ಲಿಸಿ ಎಡಗಾಲು ಕೆಳಗಿಟ್ಟೆ. ಅಲ್ಲಿ ನೆಲವೇ ಇರಲಿಲ್ಲ! ಟಾರಿನ ಅಂಚಿಗಿಂತ ಎರೆಮಣ್ಣು ಅರ್ಧ ಅಡಿ ಕೆಳಗಿತ್ತು. ಗಾಡಿ ಏನೂ ಅವಸರ ಇಲ್ಲದೆ, ಎಮ್ಮೆ ಮಲಗಿದ ಹಾಗೆ ಮಲಗಿತು. ಅವ್ವನ ಮಣಿಕಟ್ಟು ಮುರೀತು. ಅವತ್ತಿನಿಂದ ಆರು ವರ್ಷ ನಾನು ಬೈಕಿನ ಕೀ ಮುಟ್ಟಲಿಲ್ಲ.

ಮಸ್ಕಿ ಅಂದರೆ ನಿಮಗೆಲ್ಲ ನೆನಪಾಗೋದು ಅಶೋಕನ ಶಾಸನ. 1915ರಲ್ಲಿ ಅದನ್ನ ಕಂಡವನು ಬೀಡನ್ ಅನ್ನೋ ಚಿನ್ನದ ಗಣಿ ಎಂಜಿನಿಯರ್, ಅಶೋಕನ ಹೆಸರು ಸ್ಪಷ್ಟವಾಗಿ ಸಿಕ್ಕಿದ್ದು ಅದರಲ್ಲೇ. ನನಗೆ ಮಾತ್ರ ಮಸ್ಕಿ ಅಂದ್ರೆ ಆ ಟಾರಿನ ಅಂಚೇ ಕಣ್ಮುಂದೆ ಬರೋದು :-(

ಸರಿ, ಬೈಕ್ ಹುಡುಕೋಕೆ ಕೂತವನಿಗೆ ಒಂದು ಪ್ರಶ್ನೆ ಕಾಡೋಕೆ ಶುರುವಾಯ್ತು. ನಮ್ಮ ದೊಡ್ಡಪ್ಪ ನನ್ನಷ್ಟೇ ಕುಳ್ಳ. ಅವರು ವರ್ಷಗಟ್ಟಲೆ ಇದೇ ರಸ್ತೆಯಲ್ಲಿ ಯೆಜ್ಡಿ ಓಡಿಸಿದವರು, ಒಂದು ಸಲವೂ ಬಿದ್ದಿಲ್ಲ. ಹೆಂಗೆ? ಕೇಳಿದರೆ ನಕ್ಕರು. "ಎತ್ತರ ಏನ್ ನೋಡ್ತಿಯೋ ತಮ್ಮಾ, ಆ ಗಾಡಿ ನಡಾ ಸಣ್ಣದಿತ್ತು."

ಈ ಸಣ್ಣ ನಡುವಿನ ಗಾಡಿ ನಮ್ಮ ರಾಜ್ಯದ್ದೇ. ಸಿಂಧನೂರು, ಮಸ್ಕಿ, ಲಿಂಗಸುಗೂರು ಹಾದು ಹೋಗುವ 150ಎ ಹೆದ್ದಾರಿಯನ್ನೇ ಹಿಡಿದು ತೆಂಕಣಕ್ಕೆ ಹೋದರೆ ಬಳ್ಳಾರಿ, ಹಿರಿಯೂರು ದಾಟಿ ಮೈಸೂರು ಸೇರಬಹುದು. ಅಲ್ಲಿಯ ಯಾದವಗಿರಿಯಲ್ಲಿತ್ತು ಐಡಿಯಲ್ ಜಾವಾ ಕಾರ್ಖಾನೆ. ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಕಟ್ಟಿದ್ದು. 1961ರಲ್ಲಿ ಉದ್ಘಾಟನೆ ಮಾಡಿದವರು ಜಯಚಾಮರಾಜ ಒಡೆಯರು. ಮೊದಲು ಚೆಕೊಸ್ಲೊವಾಕಿಯದ ಜಾವಾ 250, ಆಮೇಲೆ 1973ರಿಂದ ಯೆಜ್ಡಿ ಅನ್ನೋ ಸ್ವಂತ ಹೆಸರು, 1978ರಲ್ಲಿ ರೋಡ್‌ಕಿಂಗ್. ಕಿಕ್ ಹೊಡೆಯೋ ಲಿವರ್ರೇ ಗೇರ್ ಲಿವರ್ರು, ಅದೂ ಎಡಗಡೆ. ಎಡಗಡೆ ಪಕ್ಕದಲ್ಲಿ ನಿಂತುಕೊಂಡೇ ಕಿಕ್ ಹೊಡೀಬಹುದಿತ್ತು. ಮದರಾಸಿನಲ್ಲಿ 1955ರಿಂದ ತಯಾರಾಗ್ತಿದ್ದ ಬುಲೆಟ್‌ಗೆ ಕಿಕ್ ಹೊಡೆಯೋದಕ್ಕೆ ಮೈ ಭಾರ ಎಲ್ಲಾ ಹಾಕಬೇಕು. ನಮ್ಮಂಥವರು ಹಾರಿ ಹೊಡೀಬೇಕು, ಅದು ತಿರುಗಿ ಒದ್ದರೆ ಮೊಣಕಾಲಿಗೆ ಶಿವಾರ್ಪಣ.

ದೊಡ್ಡಪ್ಪನ "ನಡಾ ಸಣ್ಣದು" ಅನ್ನೋ ಮಾತಿನಲ್ಲಿ ಎಂಜಿನಿಯರಿಂಗ್ ಇದೆ. ಯೆಜ್ಡಿಯದು ಟೂ ಸ್ಟ್ರೋಕ್ ಎಂಜಿನ್. ಅದರ ತಲೆಯ ಮೇಲೆ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ರಾಕರ್ ಇಲ್ಲ. ಹಾಗಾಗಿ ಎಂಜಿನ್ನೇ ಗಿಡ್ಡ, ಭಾರವೂ ಕಡಿಮೆ. ಇನ್ನು ಸೀಟು. ಸೀಟಿನ ಎತ್ತರ ಅಂತ ಕಾಗದದ ಮೇಲೆ ಬರೆಯೋ ಸಂಖ್ಯೆ ನೆಲದಿಂದ ಸೀಟಿನ ತನಕ ಮಾತ್ರ. ನಮ್ಮ ಕಾಲು ನೇರ ಕೆಳಗೆ ಇಳಿಯಲ್ಲವಲ್ಲ, ಮೊದಲು ಸೀಟಿನ ಅಗಲ ದಾಟಿ, ಆಮೇಲೆ ಎಂಜಿನ್ ಕವರ್ ದಾಟಿ ಇಳಿಯಬೇಕು. ಸೀಟಿನ ಮುಂಭಾಗ ಅಗಲ ಇದ್ದರೆ ಅಲ್ಲೇ ಒಂದೆರಡು ಇಂಚು ಕಾಲು ಖರ್ಚು! ಶೋರೂಮಿನವರು ಮಿಲಿಮೀಟರ್ ಹೇಳ್ತಾರೆ, ಅಗಲ ಯಾರೂ ಹೇಳಲ್ಲ.

1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿತು. ಹೊಗೆಯ ನಿಯಮಗಳು ಬಿಗಿಯಾಗ್ತಾ ಹೋಗಿ ಟೂ ಸ್ಟ್ರೋಕ್ ಬೈಕುಗಳ ಕಾಲವೂ ಮುಗೀತಾ ಬಂತು. ಅಷ್ಟರಲ್ಲಿ ಹೀರೋ ಹೋಂಡಾದ 100 ಸಿಸಿ ಗಾಡಿಗಳು ಹಳ್ಳಿಹಳ್ಳಿ ತುಂಬಿದ್ದವು. ಕುಳ್ಳರಿಗೆ ಅವು ಸಾಕು, ದೊಡ್ಡ ಗಾಡಿ ಬೇಕು ಅಂದರೆ ಬುಲೆಟ್ ಹತ್ತಿ ತುದಿಗಾಲಲ್ಲಿ ನಿಲ್ಲಿ. ನಡುವೆ ಬೇರೆ ದಾರಿ ಹೆಚ್ಚೇನೂ ಇರಲಿಲ್ಲ.

ದಾರಿ ತೆರೆದದ್ದು ಹೊರಗಿನಿಂದ. ಕ್ರೂಸರ್ ಅನ್ನೋ ಜಾತಿ ಅಮೆರಿಕದ ಉದ್ದುದ್ದ ನೇರ ರಸ್ತೆಗಳಲ್ಲಿ ಬೆಳೆದದ್ದು. ಚಕ್ರಗಳ ನಡುವಿನ ಅಂತರ ಹೆಚ್ಚಿಸಿ, ಸೀಟನ್ನ ಎಂಜಿನ್ ಮೇಲೆ ಇಡದೆ ಹಿಂದಕ್ಕೆ ಸರಿಸಿ ಕೆಳಗಿಳಿಸೋದು ಅದರ ಗುಟ್ಟು. ಜಪಾನಿನವರು 1985ರಲ್ಲಿ ಹೋಂಡಾ ರೆಬೆಲ್, ಕವಾಸಾಕಿ ಎಲಿಮಿನೇಟರ್ ತಂದರು. ಆ ಎಲಿಮಿನೇಟರ್ ಹೆಸರೇ 2001ರಲ್ಲಿ ಬಜಾಜ್ ಮೂಲಕ 175 ಸಿಸಿಯಾಗಿ ನಮ್ಮಲ್ಲಿಗೆ ಬಂತು. 2005ರಲ್ಲಿ ಅದೇ ಮೈಗೆ ಪಲ್ಸರ್ ಎಂಜಿನ್ ಕೂಡಿಸಿ ಅವೆಂಜರ್ ಮಾಡಿದರು, 2010ರಲ್ಲಿ 220 ಆಯ್ತು. ತಮಾಷೆ ಅಂದ್ರೆ ಈ ಗಾಡಿಗಳನ್ನ ಮಾರಿದ್ದು ಕಾಲು ಚಾಚಿ, ಒರಗಿ, ರಾಜನ ಹಾಗೆ ಕೂರೋ ಶೋಕಿಗೆ. ನನ್ನ ಲೆಕ್ಕದಲ್ಲಿ ಅದರ ನಿಜವಾದ ಉಪಕಾರ ಆದದ್ದು ನಮ್ಮಂಥ ಕುಳ್ಳರಿಗೆ. ಆದರೆ ಹಾಗಂತ ಜಾಹೀರಾತು ಕೊಟ್ಟರೆ ಯಾವ ಗಂಡಸು ಕೊಳ್ತಾನೆ ಹೇಳಿ?

ಆಮೇಲೆ ಆಯ್ಕೆಗೆ ಬರವಿಲ್ಲ. 2018ರಲ್ಲಿ ಜಾವಾ ಹೆಸರು ಮಹೀಂದ್ರಾ ಬಳಗದ ಕ್ಲಾಸಿಕ್ ಲೆಜೆಂಡ್ಸ್ ಮೂಲಕ ವಾಪಸ್ ಬಂತು, 2022ರಲ್ಲಿ ಯೆಜ್ಡಿ ಕೂಡಾ. ದೊಡ್ಡಪ್ಪನ ಮೇಲಿನ ಪ್ರೀತಿಗೆ ಮೊದಲು ಅದನ್ನೇ ನೋಡಿದೆ. ಪೆರಾಕ್ ಸೀಟು 750 ಮಿ.ಮೀ., 42 ಬಾಬರ್ 740. ಆಹಾ ಅನ್ನೋಷ್ಟರಲ್ಲಿ ಗೊತ್ತಾಯ್ತು, ಎರಡೂ ಒಂಟಿ ಸೀಟಿನವು. ಅವ್ವ ಎಲ್ಲಿ ಕೂಡಬೇಕು? 2020ರ ರಾಯಲ್ ಎನ್‌ಫೀಲ್ಡ್ ಮೀಟಿಯರ್ 350ರದ್ದು 765, ಕ್ಲಾಸಿಕ್‌ನ 805ಕ್ಕೆ ಹೋಲಿಸಿದರೆ ನಾಲ್ಕು ಸೆಂಟಿಮೀಟರ್ ಲಾಭ. ಸೂಪರ್ ಮೀಟಿಯರ್ 650 ಇನ್ನೂ ತಗ್ಗು, 740. ಆದರೆ ತೂಕ 241 ಕೆ.ಜಿ.! ಕಾಲು ಎಟಕಿದರೂ ವಾಲಿದ್ದನ್ನ ಎತ್ತೋರು ಯಾರು? ಕವಾಸಾಕಿ ಎಲಿಮಿನೇಟರ್ 500 ಮಾತ್ರ 735 ಎತ್ತರ, 176 ಕೆ.ಜಿ., ಎಲ್ಲಾ ಸರಿ, ಬೆಲೆ ಐದು ಲಕ್ಷದ ಮೇಲೆ. 2025ರ ಸೆಪ್ಟೆಂಬರಿನಲ್ಲಿ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ 18ಕ್ಕೆ ಇಳಿದು, ಅದರ ಮೇಲಿನದ್ದಕ್ಕೆ 40 ಆದದ್ದರಿಂದ ಆ ಕನಸೂ ಅಲ್ಲಿಗೆ ಮುಗೀತು.

ಉಳಿದದ್ದು ಮೀಟಿಯರ್ ಮತ್ತು ಹಳೇ ಅವೆಂಜರ್ 220 ಕ್ರೂಸ್. ಮೀಟಿಯರ್ ಓಡಿಸಿ ನೋಡಿದೆ, ಗಾಡಿ ಚೆನ್ನಾಗಿದೆ, ಎಂಜಿನ್ ಅಂತೂ ಬಹಳ ನಯ. ಪಾದದ ಮುಂಭಾಗ ನೆಲಕ್ಕೆ ಹತ್ತುತ್ತೆ, ಹಿಮ್ಮಡಿ ಇಲ್ಲ. 191 ಕೆ.ಜಿ. ಬೇರೆ. ಅವೆಂಜರ್‌ನ ಸೀಟು 737, ತೂಕ 163. ವ್ಯತ್ಯಾಸ 28 ಕೆ.ಜಿ. ನಮ್ಮೂರಿನ ಲೆಕ್ಕದಲ್ಲಿ ಹೇಳಬೇಕಂದ್ರೆ ಒಂದು 25 ಕೆ.ಜಿ. ಸೋನಾ ಮಸೂರಿ ಚೀಲ, ಮೇಲೆ ಕೈಚೀಲದಲ್ಲಿ ಮೂರು ಕೆ.ಜಿ. ಎರೆಮಣ್ಣಿನ ಬದಿಯಲ್ಲಿ ಒಂದೇ ಕಾಲಿನ ಮೇಲೆ ವಾಲಿದಾಗ ಆ ಚೀಲ ಇರೋದಕ್ಕೂ ಇಲ್ಲದಿರೋದಕ್ಕೂ ಇರೋ ಫರಕು ನನ್ನಷ್ಟು ಚೆನ್ನಾಗಿ ಅವ್ವನಿಗೂ ಗೊತ್ತು. ಅವೆಂಜರ್‌ದೂ ಒಂದು ಕಿರಿಕಿರಿ ಇದೆ, ಫುಟ್‌ರೆಸ್ಟ್ ಮುಂದಕ್ಕಿರೋದರಿಂದ ಗಿಡ್ಡ ಕಾಲು ಚಾಚಿಯೇ ಇಡಬೇಕು, ಅರ್ಧ ಗಂಟೆಗೆ ಸೊಂಟ ಮಾತಾಡಿಸುತ್ತೆ. ಆದರೆ ಹಿಂದೆ ಕೂರೋರಿಗೆ ಒರಗೋಕೆ ಬ್ಯಾಕ್‌ರೆಸ್ಟ್ ಇದೆ. ಅಲ್ಲಿಗೆ ತೀರ್ಮಾನ ಆಯ್ತು. ಸೆಕೆಂಡ್ ಹ್ಯಾಂಡ್ ತಗೊಂಡೆ.

ಮೊದಲ ಒಂದು ವಾರ ಒಬ್ಬನೇ ಓಡಿಸಿದೆ. ನಿಲ್ಲಿಸೋ ಮುಂಚೆ ನೆಲ ನೋಡೋದು, ಟಾರು ಬಿಟ್ಟು ಇಳಿಯದಿರೋದು, ಇಳಿಜಾರಿದ್ದರೆ ಎತ್ತರದ ಕಡೆಯ ಕಾಲು ಊರೋದು... ಮಗುವಿನ ಹಾಗೆ ಎಲ್ಲಾ ಮೊದಲಿಂದ. ಎಂಟನೇ ದಿನ ಅವ್ವ ಲಿಂಗಸುಗೂರಿಗೆ ಹೋಗಬೇಕಿತ್ತು. ಬಾಗಿಲ ಮುಂದೆ ಗಾಡಿ ನಿಲ್ಲಿಸಿ ಕೂತೆ. ಅವಳು ಹತ್ತಲಿಲ್ಲ. ಬಗ್ಗಿ ಮೊದಲು ಎಡಗಾಲಿನ ಹಿಮ್ಮಡಿ ನೋಡಿದಳು, ಆಮೇಲೆ ಸುತ್ತಿಕೊಂಡು ಬಂದು ಬಲಗಾಲಿನದ್ದು ನೋಡಿದಳು. "ಹೂಂ" ಅಂದು ಹತ್ತಿ ಕೂತಳು. ಬ್ಯಾಕ್‌ರೆಸ್ಟ್‌ಗೆ ಮಾತ್ರ ಒರಗಲಿಲ್ಲ, ಮಸ್ಕಿ ದಾಟೋವರೆಗೂ ನನ್ನ ಹೆಗಲು ಹಿಡಿದೇ ಇದ್ದಳು.