100 ವೋಲ್ಟ್ ಹಾರ್ನ್ ಲೈನಿನ ಜೋಡಣೆ ದೋಷ: ಮೀಟರ್ ತೋರಿಸುವುದೆಷ್ಟು?

1. ವ್ಯಾಪ್ತಿ

ಸತ್ತಿ ಮತ್ತು ಸುತ್ತಲಿನ ಅಥಣಿ, ಕಾಗವಾಡ, ರಾಯಬಾಗ ಸೀಮೆಯಲ್ಲಿ ಜಾತ್ರೆ, ಭಜನೆ, ಪಾರಿಜಾತದ ಆಟಗಳಿಗೆ ಕಟ್ಟುವಂಥ ಉದ್ದನೆಯ ಹಾರ್ನ್ ಲೈನು ಈ ಟಿಪ್ಪಣಿಯ ವಿಷಯ. ಆಂಪ್ಲಿಫೈಯರ್ ಹಿಂಬದಿಯ ಕಾಮನ್ ಮತ್ತು 100 ವೋಲ್ಟ್ ಟರ್ಮಿನಲ್‌ಗಳಿಂದ ಎರಡೆಳೆಯ ವೈರು ಹೊರಡುತ್ತದೆ. ಪ್ರತಿ ಹಾರ್ನಿನ ಬಳಿ ಲೈನ್ ಟ್ರಾನ್ಸ್‌ಫಾರ್ಮರ್ ಇದ್ದು, ಅದರಿಂದ ಹಾರ್ನಿನ ಸದ್ದು ಹೊರಡಿಸುವ ಯೂನಿಟ್ಟಿಗೆ ಜೋಡಣೆ ಇರುತ್ತದೆ. ಕೆಳಗಿನ ಓಮ್ ಅಂಕಿಗಳು ಲೆಕ್ಕದಿಂದ ಬಂದವು. ಯಾವುದೇ ಒಂದು ಲೈನಿನ ಮೇಲೆ ಅಳೆದವಲ್ಲ.

2. ಡಿಸಿ ಓದು ಮತ್ತು ಇಂಪೀಡೆನ್ಸ್

8 ಓಮ್ ಎಂದು ಬರೆದ ಸ್ಪೀಕರನ್ನು ಮಲ್ಟಿಮೀಟರಿನಲ್ಲಿ ಅಳೆದರೆ ಸಾಮಾನ್ಯವಾಗಿ 6ರಿಂದ 7 ಓಮ್ ಕಾಣುತ್ತದೆ. ಇದು ದೋಷವಲ್ಲ. ಮೀಟರು ಕಾಯಿಲಿನ ತಾಮ್ರದ ರೋಧವನ್ನಷ್ಟೇ ಓದುತ್ತದೆ. ಚೀಟಿಯ ಮೇಲಿನ ಅಂಕಿ ಎಸಿ ಇಂಪೀಡೆನ್ಸಿನದು. ಐಇಸಿ 60268-5 ಮಾನದಂಡದ ಪ್ರಕಾರ ನಿಗದಿತ ಆವರ್ತನ ವ್ಯಾಪ್ತಿಯೊಳಗೆ ಇಂಪೀಡೆನ್ಸು ಘೋಷಿತ ಮೌಲ್ಯದ ಶೇ. 80ಕ್ಕಿಂತ ಕೆಳಗೆ ಇಳಿಯಬಾರದು, ಅಂದರೆ 8 ಓಮಿಗೆ 6.4 ಓಮ್.

ಹಾರ್ನ್ ಲೈನಿನಲ್ಲಿ ಈ ವ್ಯತ್ಯಾಸ ಇನ್ನೂ ದೊಡ್ಡದು. 15 ವ್ಯಾಟ್ ಟ್ಯಾಪಿನ ಟ್ರಾನ್ಸ್‌ಫಾರ್ಮರು 100 ವೋಲ್ಟ್ ಲೈನಿಗೆ ಸುಮಾರು 667 ಓಮ್ ಹೊರೆ (100 × 100 ÷ 15). ಅದರ ಪ್ರೈಮರಿಯ ಡಿಸಿ ರೋಧ ಇದಕ್ಕಿಂತ ಬಹಳ ಕಡಿಮೆ. ಮುಖ್ಯವಾದ ತೊಡಕು ಇಲ್ಲಿದೆ: ಯೂನಿಟ್ಟಿನ ಕಾಯಿಲ್ ಸುಟ್ಟು ಓಪನ್ ಆದರೂ ಪ್ರೈಮರಿ ಸುತ್ತು ತುಂಡಾಗದೆ ಉಳಿದಿರುತ್ತದೆ, ಆದ್ದರಿಂದ ಲೈನಿನ ಡಿಸಿ ಓದು ಬದಲಾಗುವುದೇ ಇಲ್ಲ. ಸರಣಿಯಲ್ಲಿ ಕೆಪಾಸಿಟರ್ ಇರುವ ಕಡೆ ಪರಿಸ್ಥಿತಿ ತಿರುಗುಮುರುಗು. ಸರಿಯಾಗಿರುವ ಶಾಖೆಯೂ ಮೀಟರಿಗೆ ಓಪನ್ ಆಗಿ ಕಾಣುತ್ತದೆ. ಕಾರಿನ ಆಂಪ್ಲಿಫೈಯರ್ ಚಿಪ್ಪುಗಳಲ್ಲಿ, ಉದಾಹರಣೆಗೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಎಎಸ್ 6424ರಲ್ಲಿ, ಡಿಸಿ ಪರೀಕ್ಷೆಯ ಜೊತೆಗೆ ಪ್ರತ್ಯೇಕ ಎಸಿ ಪರೀಕ್ಷೆ ಇರುವುದಕ್ಕೆ ಕಾರಣವೂ ಬಹುಶಃ ಇದೇ: ಕೆಪಾಸಿಟರ್ ಮೂಲಕ ಜೋಡಿಸಿದ ಟ್ವೀಟರು ಡಿಸಿಗೆ ಸಿಗುವುದಿಲ್ಲ.

3. ವೈರಿನ ರೋಧ

1.5 ಚದರ ಮಿ.ಮೀ. ತಾಮ್ರದ ವೈರಿಗೆ 20 ಡಿಗ್ರಿ ಸೆ. ಉಷ್ಣತೆಯಲ್ಲಿ ಒಂದೆಳೆಗೆ ಕಿಲೋಮೀಟರಿಗೆ 12.1 ಓಮ್ ಹಿಡಿದರೆ, 300 ಮೀಟರ್ ದೂರದಲ್ಲಿ ಎರಡೆಳೆ ಒಂದಕ್ಕೊಂದು ತಾಗಿ ಶಾರ್ಟ್ ಆದಾಗ ಆಂಪ್ಲಿಫೈಯರ್ ಬದಿಯಲ್ಲಿ ಸಿಗುವ ಓದು ಸುಮಾರು 7.3 ಓಮ್. ನೇರ 8 ಓಮ್ ಜೋಡಣೆಯ ಸ್ಪೀಕರಿನ ಓದಿಗೆ ಇದು ತೀರ ಹತ್ತಿರ. ಬರೀ ಈ ಅಂಕಿ ನೋಡಿ "ಲೈನ್ ಸರಿಯಿದೆ" ಎನ್ನುವುದು ಅಪಾಯ.

ಇದೇ ಓದಿನಿಂದ ಶಾರ್ಟ್ ಎಷ್ಟು ದೂರದಲ್ಲಿದೆ ಎಂದು ಅಂದಾಜು ಮಾಡಬಹುದು, ಆದರೆ ಉಷ್ಣತೆ ಲೆಕ್ಕಕ್ಕೆ ಬರಬೇಕು. ತಾಮ್ರದ ರೋಧ ಡಿಗ್ರಿಗೆ ಸುಮಾರು ಶೇ. 0.39 ಏರುತ್ತದೆ. ಬಿಸಿಲಿಗೆ ವೈರು 40 ಡಿಗ್ರಿಗೆ ಕಾದಿದ್ದರೆ 7.3 ಓಮ್ 7.8 ಆಗುತ್ತದೆ, ತಿದ್ದದೆ ಲೆಕ್ಕ ಹಾಕಿದರೆ 300 ಮೀಟರಿಗೆ 20 ಮೀಟರಿಗೂ ಹೆಚ್ಚು ತಪ್ಪು. ತಾಗಿದ ಜಾಗದ ಸ್ವಂತ ರೋಧವನ್ನು ಇಲ್ಲಿ ಸೊನ್ನೆ ಎಂದು ಹಿಡಿದಿದೆ.

4. ಒಟ್ಟು ಇಂಪೀಡೆನ್ಸಿನ ಓದು

ಎಸಿ ಇಂಪೀಡೆನ್ಸ್ ಮೀಟರು ಹೆಚ್ಚು ನಂಬಲರ್ಹ, ಪೂರ್ಣವಾಗಿ ಅಲ್ಲ. 15 ವ್ಯಾಟಿನ 10 ಹಾರ್ನು ಕಟ್ಟಿದ ಲೈನು 66.7 ಓಮ್. ಒಂದು ಹಾರ್ನು ಬಿಟ್ಟುಹೋದರೆ 74.1. ಶೇ. 11ರ ಈ ಏರಿಕೆ ಗುರುತಿಗೆ ಸಿಗುತ್ತದೆ, ಕಟ್ಟಿದ ದಿನದ ಓದನ್ನು ಬರೆದಿಟ್ಟಿದ್ದರೆ ಮಾತ್ರ. ಹಾರ್ನುಗಳ ಸಂಖ್ಯೆ ಹೆಚ್ಚಿದಂತೆ ಒಂದು ಶಾಖೆಯ ಪಾಲು ಕಿರಿದಾಗಿ, ಮೀಟರಿನ ದೋಷಮಿತಿಯೊಳಗೇ ಅಡಗಬಹುದು.

ಎರಡು ದೋಷ ಒಂದನ್ನೊಂದು ಮುಚ್ಚುವ ಸಂದರ್ಭವೂ ಇದೆ. ಒಂದು ಹಾರ್ನು ಓಪನ್, ಇನ್ನೊಂದು 15ರ ಬದಲು 30 ವ್ಯಾಟ್ ಟ್ಯಾಪಿಗೆ ಕಟ್ಟಿದೆ ಎನ್ನಿ. ಉಳಿದ ಎಂಟರ 120 ವ್ಯಾಟಿಗೆ ಈ 30 ಸೇರಿದರೆ ಮತ್ತೆ 150 ವ್ಯಾಟ್, ಓದು ಮತ್ತೆ 66.7 ಓಮ್. ಹೀಗಾಗಿ ಲೈನನ್ನು ನಡುವಿನ ಜಾಯಿಂಟಿನಲ್ಲಿ ಬಿಡಿಸಿ ಎರಡು ಭಾಗ ಬೇರೆಬೇರೆ ಅಳೆಯುವುದು ಒಳ್ಳೆಯದು. ಎರಡು ದೋಷವೂ ಒಂದೇ ಭಾಗದಲ್ಲಿದ್ದರೆ ಮತ್ತೆ ವಿಭಜಿಸಬೇಕಾಗುತ್ತದೆ.

5. ಸದ್ದಿಲ್ಲದ ಪರೀಕ್ಷೆ

2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ಸಾಮಾನ್ಯವಾಗಿ ನಿಷೇಧಿಸುತ್ತವೆ. ಆ ಹೊತ್ತಿನಲ್ಲಿ ಹಾಡು ಹಚ್ಚಿ ಲೈನು ನೋಡುವಂತಿಲ್ಲ. ತುರ್ತು ಸೂಚನೆಯ ಧ್ವನಿವ್ಯವಸ್ಥೆಗಳು ಸದ್ದಿಲ್ಲದೆ ಲೈನು ನೋಡಲು 20 ಕಿಲೋಹರ್ಟ್ಸ್ ಆಸುಪಾಸಿನ, ಕಿವಿಗೆ ಕೇಳಿಸದ ಪೈಲಟ್ ಟೋನ್ ಬಳಸುವುದುಂಟು. ಯುರೋಪಿನ ಇಎನ್ 54-16 (2008) ಮಾನದಂಡ ಇಂಥ ವ್ಯವಸ್ಥೆಗಳಲ್ಲಿ ದೋಷವನ್ನು 100 ಸೆಕೆಂಡಿನೊಳಗೆ ತೋರಿಸಬೇಕೆನ್ನುತ್ತದೆ. ಆದರೆ ಆ ಆವರ್ತನದಲ್ಲಿ ಉದ್ದ ವೈರಿನ ಕೆಪಾಸಿಟೆನ್ಸು, ಟ್ರಾನ್ಸ್‌ಫಾರ್ಮರಿನ ಲೀಕೇಜ್ ಇಂಡಕ್ಟೆನ್ಸು ಓದಿನಲ್ಲಿ ಸೇರಿಕೊಳ್ಳುತ್ತವೆ. ಒಂದು ಹಾರ್ನಿನ ಅಭಾವ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆಂದು ಹೇಳಲಾಗದು.

6. ನೆಲಕ್ಕೆ ಸೋರಿಕೆ, ಬಿಟ್ಟುಬಿಟ್ಟು ಬರುವ ದೋಷ

ಮಳೆಯಲ್ಲಿ ಟೇಪು ಬಿಚ್ಚಿದ ಜಾಯಿಂಟು ಕೆಸರಿಗೆ ತಾಗಿದಾಗಿನ ಪರಿಣಾಮ ಎಲ್ಲ ಕಡೆ ಒಂದೇ ಅಲ್ಲ. ಔಟ್‌ಪುಟ್ ನೆಲಕ್ಕೆ ಜೋಡಿಸದ ಆಂಪ್ಲಿಫೈಯರಿನಲ್ಲಿ ಮೊದಲ ಸೋರಿಕೆ ಯಾವ ಲಕ್ಷಣವನ್ನೂ ತೋರದಿರಬಹುದು. ಕಾಮನ್ ನೆಲಕ್ಕೆ ಸೇರಿದ ಮಾದರಿಯಲ್ಲಿ ಇನ್ನೊಂದೆಳೆಯ ಸೋರಿಕೆ ಆಂಪ್ಲಿಫೈಯರಿನ ಮೇಲೆ ನೇರ ಹೊರೆಯಾಗುತ್ತದೆ. ಎರಡೂ ಎಳೆಗಳನ್ನು ನೆಲದ ವಿರುದ್ಧ ಮೆಗ್ಗರಿನಲ್ಲಿ (ಇನ್ಸುಲೇಶನ್ ರೋಧದ ಮೀಟರಿನಲ್ಲಿ) ನೋಡಬೇಕು, ಅದೂ ಆಂಪ್ಲಿಫೈಯರನ್ನು ಲೈನಿನಿಂದ ಬಿಡಿಸಿದ ಮೇಲೆಯೇ.

ಹೊಸೆದು ಕಟ್ಟಿದ ಜಾಯಿಂಟಿನ ಲೂಸ್ ಕಾಂಟ್ಯಾಕ್ಟು ನಿಂತ ಅಳತೆಗೆ ಸಿಗದೇ ಹೋಗಬಹುದು. ಗಾಳಿ ಬಂದಾಗ ಬಿಟ್ಟು ಮತ್ತೆ ಕೂಡುವ ಜಾಯಿಂಟು, ಗಾಳಿ ನಿಂತಾಗ ಸರಿಯಾದ ಓಮನ್ನೇ ಕೊಡುತ್ತದೆ. ಇಲ್ಲಿ ಇಂಪೀಡೆನ್ಸ್ ಮೀಟರು ಜೋಡಿಸಿಟ್ಟು, ಇನ್ನೊಬ್ಬರು ಒಂದೊಂದೇ ಜಾಯಿಂಟನ್ನು ಅಲುಗಿಸುತ್ತ ಹೋಗುವಾಗ ಕನಿಷ್ಠ ಮತ್ತು ಗರಿಷ್ಠ ಓದು ಎರಡನ್ನೂ ಬರೆದುಕೊಳ್ಳುವುದು ಸೂಕ್ತ. ಸರಾಸರಿ ಓದಿನಿಂದ ಈ ದೋಷ ತಿಳಿಯುವುದಿಲ್ಲ.