ನೀರಿನೊಡನೆ ಬಂದ ಹೆಸರು

ಕನ್ನಡ ಶಾಲೆಯ ಅಂಗಳದಲ್ಲಿ ನಿಂತು ಕಿವಿಗೊಟ್ಟರೆ ಇಂಗ್ಲಿಷಿನ ಪದಗಳು ಎಷ್ಟೋ ಕೇಳಿಸುತ್ತವೆ. ಬೆಂಚು, ಸ್ಲೇಟು, ಬೆಲ್ಲು, ಹೆಡ್‌ಮೇಷ್ಟ್ರು. ಇವುಗಳ ಕೊನೆಗೆ ನಮ್ಮ ಹಿರಿಯರು ಕನ್ನಡದ ಉಕಾರವನ್ನು ಸೇರಿಸಿದರು. ‘ಮಾಸ್ಟರ್’ ಎಂಬುದಕ್ಕೆ ಗೌರವದ ಬಹುವಚನವನ್ನು ತೊಡಿಸಿ ‘ಮೇಷ್ಟ್ರು’ ಮಾಡಿಕೊಂಡರು. ಪರಭಾಷೆಯ ಪದವೊಂದು ಜನರಿಗೆ ಪ್ರಿಯವಾಗುವುದು ಏತರಿಂದ? ಶತಮಾನೋತ್ಸವದ ಈ ಹೊತ್ತಿನಲ್ಲಿ ಈ ಪ್ರಶ್ನೆಗೆ ಉತ್ತರವನ್ನು ತಮಿಳುನಾಡಿನ ಕಂಬಂ ಕಣಿವೆಯ ಇತಿಹಾಸದಲ್ಲಿ ಹುಡುಕುವುದು ಉಚಿತವೆಂದು ತೋರುತ್ತದೆ.

ತೇನಿ ಜಿಲ್ಲೆಯ ಕಂಬಂ, ಗೂಡಲೂರು, ಉತ್ತಮಪಾಳಯಂ, ಚಿನ್ನಮನೂರು ಊರುಗಳು ಪಶ್ಚಿಮಘಟ್ಟದ ಮಳೆನೆರಳಿನಲ್ಲಿವೆ. ಘಟ್ಟದ ಆ ಬದಿಯಲ್ಲಿ ಪೆರಿಯಾರ್ ನದಿ ತುಂಬಿ ಅರಬ್ಬೀ ಸಮುದ್ರವನ್ನು ಸೇರುತ್ತಿದ್ದರೆ, ಈ ಬದಿಯ ವೈಗೈ ಬಯಲು ಬರದಲ್ಲಿ ಒಣಗುತ್ತಿತ್ತು. ಪಶ್ಚಿಮಕ್ಕೆ ಹರಿಯುವ ನದಿಯನ್ನು ಪೂರ್ವಕ್ಕೆ ತಿರುಗಿಸಬೇಕೆಂಬ ಆಲೋಚನೆ ಬಹುಕಾಲದ್ದು. 1876ರಿಂದ 78ರವರೆಗಿನ ಮಹಾಕ್ಷಾಮವು ಅದರ ಅಗತ್ಯವನ್ನು ಎಲ್ಲರ ಕಣ್ಣಿಗೂ ಕಾಣಿಸಿತು. 1886ರ ಅಕ್ಟೋಬರ್ 29ರಂದು ತಿರುವಾಂಕೂರು ಸಂಸ್ಥಾನಕ್ಕೂ ಬ್ರಿಟಿಷ್ ಸರ್ಕಾರಕ್ಕೂ ಕರಾರಾಯಿತು. ಎಂಟು ಸಾವಿರ ಎಕರೆ ಭೂಮಿ, ಎಕರೆಗೆ ವರ್ಷಕ್ಕೆ ಐದು ರೂಪಾಯಿ ಬಾಡಿಗೆ, 999 ವರ್ಷಗಳ ಅವಧಿ. ನಮ್ಮ ‘ಗುತ್ತಿಗೆ’ಯೂ ತಮಿಳರ ‘ಕುತ್ತಗೈ’ಯೂ ಒಂದೇ ಬೇರಿನವು, ಆದರೂ ಈ ಕರಾರಿನ ಮಾತು ಬಂದಾಗ ‘ಲೀಸ್’ ಎಂಬ ಇಂಗ್ಲಿಷ್ ಪದವೇ ಬಳಕೆಗೆ ಬರುತ್ತದೆ.

ಕಟ್ಟೋಣದ ಹೊಣೆ ಹೊತ್ತವರು 1841ರ ಜನವರಿ 15ರಂದು ಪುಣೆಯಲ್ಲಿ ಹುಟ್ಟಿದ ಸೇನಾ ಇಂಜಿನಿಯರ್ ಜಾನ್ ಪೆನ್ನಿಕ್ವಿಕ್. 1887ರಲ್ಲಿ ಕೆಲಸ ಆರಂಭವಾಯಿತು. ಕಾಡುಮೃಗಗಳ ನಡುವೆ, ಮಲೇರಿಯಾದ ನಡುವೆ, ನೆರೆಯು ಕಟ್ಟಿದ್ದನ್ನು ಕೊಚ್ಚಿಕೊಂಡು ಹೋದರೂ ಬಿಡದೆ, ಸುಣ್ಣ ಮತ್ತು ಸುರ್ಕಿಯ ಗಾರೆಯಿಂದ ಕಲ್ಲಿನ ಕಟ್ಟೆಯನ್ನು ಮೇಲೆಬ್ಬಿಸಲಾಯಿತು. 1895ರ ಅಕ್ಟೋಬರಿನಲ್ಲಿ ಮದರಾಸಿನ ಗವರ್ನರ್ ಲಾರ್ಡ್ ವೆನ್ಲಾಕ್ ಅದನ್ನು ಉದ್ಘಾಟಿಸಿದರು. ಬೆಟ್ಟವನ್ನು ಕೊರೆದ ಸುರಂಗದ ಮೂಲಕ ನೀರು ಪೂರ್ವಕ್ಕೆ ಇಳಿಯಿತು. ಕಂಬಂ ಕಣಿವೆಯಲ್ಲಿ ಭತ್ತ ಬೆಳೆಯಿತು, ಮುಂದೆ ದ್ರಾಕ್ಷಿ ತೋಟಗಳು ಎದ್ದವು.

ಘಟ್ಟದ ಬುಡದಲ್ಲಿರುವ ಊರಿಗೆ ಇಂದಿಗೂ ‘ಲೋವರ್ ಕ್ಯಾಂಪ್’ ಎಂದೇ ಹೆಸರು. ಅದನ್ನು ಯಾರೂ ಅನುವಾದಿಸಲಿಲ್ಲ. 2013ರ ಜನವರಿ 15ರಂದು ಅಲ್ಲಿ ಪೆನ್ನಿಕ್ವಿಕ್ಕರ ಸ್ಮಾರಕ ಮಂಟಪ ಉದ್ಘಾಟನೆಗೊಂಡಿತು. ಸಂಕ್ರಾಂತಿಯ ದಿನಗಳಲ್ಲೇ ಬರುವ ಅವರ ಹುಟ್ಟುಹಬ್ಬಕ್ಕೆ ರೈತರು ಪೊಂಗಲ್ ಬೇಯಿಸಿ ಕೃತಜ್ಞತೆ ಸಲ್ಲಿಸುತ್ತಾರೆ. ಅಂಗಡಿ ಮನೆಗಳಲ್ಲಿ ಅವರ ಪಟ ತೂಗುತ್ತದೆ. ಮಕ್ಕಳಿಗೆ ಆ ಹೆಸರಿಟ್ಟವರೂ ಉಂಟು. ನಾಲಗೆಗೆ ಸುಲಭವಲ್ಲದ ಆ ಹೆಸರನ್ನು ಹೊಲದ ಜನ ಹೃದಯದಿಂದ ಕಲಿತರು. ಅವರು ತಮ್ಮ ಸ್ವಂತ ಆಸ್ತಿಯನ್ನು ಮಾರಿ ಅಣೆಕಟ್ಟು ಕಟ್ಟಿದರೆಂಬ ಕಥೆಯೂ ಪ್ರಚಾರದಲ್ಲಿದೆ. ಇತಿಹಾಸದ ವಿದ್ಯಾರ್ಥಿಯು ಕಥೆಯನ್ನು ಕಥೆಯೆಂದೂ ಕರಾರುಪತ್ರವನ್ನು ದಾಖಲೆಯೆಂದೂ ಬೇರ್ಪಡಿಸಿ ಓದಬೇಕು. ಆದರೆ ಅಂಥ ಕಥೆ ಹುಟ್ಟಿದ್ದೇ ಒಲವಿನ ಸಾಕ್ಷ್ಯ. ಕಾಡಿನಲ್ಲಿ ಜ್ವರದಿಂದ ಮಡಿದ ಕೂಲಿಕಾರರ ಹೆಸರುಗಳು ಯಾರ ನಾಲಗೆಯ ಮೇಲೂ ಉಳಿಯಲಿಲ್ಲವೆಂಬುದನ್ನೂ, ಘಟ್ಟದ ಆಚೆಯ ಕೇರಳದವರಿಗೆ ಅದೇ ಅಣೆಕಟ್ಟು ಆತಂಕದ ಮಾತೆಂಬುದನ್ನೂ ಮರೆಯಲಾಗದು.

ಪೆನ್ನಿಕ್ವಿಕ್ ಎಂಬುದು ಮೂಲತಃ ಸ್ಕಾಟ್ಲೆಂಡಿನ ಒಂದು ಊರಿನ ಹೆಸರು. ಇಂಗ್ಲಿಷಿಗಿಂತ ಹಳೆಯ ಬ್ರಿಟನ್ನಿನ ನುಡಿಯಲ್ಲಿ ಅದಕ್ಕೆ ‘ಕೋಗಿಲೆಯ ಗುಡ್ಡ’ ಎಂದು ಅರ್ಥ ಹೇಳುತ್ತಾರೆ. ಇಂಗ್ಲಿಷಿನಲ್ಲೇ ಅತಿಥಿಯಾಗಿದ್ದ ಪದ ಕಂಬಂ ಕಣಿವೆಯಲ್ಲಿ ಮನೆಯ ಮಗುವಾಯಿತು.

ಇದಕ್ಕೆ ಹೋಲಿಕೆಯಾಗಿ ನಮ್ಮ ಮಂಡ್ಯವನ್ನು ನೋಡಬಹುದು. ಕನ್ನಂಬಾಡಿ ಕಟ್ಟೆಯಿಂದ ಹೊರಟ ನಾಲೆಗೆ ಮೊದಲು ವೈಸರಾಯ್ ಇರ್ವಿನ್ನರ ಹೆಸರಿತ್ತು. ಮುಂದೆ ಅದು ವಿಶ್ವೇಶ್ವರಯ್ಯ ನಾಲೆಯಾಯಿತು. ರೈತರ ಬಾಯಲ್ಲಿ ಅದು ‘ವಿ.ಸಿ. ನಾಲೆ’. ಅಕ್ಷರಗಳು ಇಂಗ್ಲಿಷಿನವು, ನೆನಪು ನಮ್ಮವರದು. ಅಧಿಕಾರದಿಂದ ಬಂದ ಹೆಸರು ಕಾಗದದಲ್ಲಿ ಉಳಿಯಿತು. ಉಪಕಾರದಿಂದ ಬಂದ ಹೆಸರು ಬಾಯಲ್ಲಿ ಉಳಿಯಿತು.

ಈ ಕಥೆಗೆ ನಮ್ಮನ್ನು ನೇರವಾಗಿ ಮುಟ್ಟುವ ಇನ್ನೊಂದು ಮುಖವಿದೆ. ಕಂಬಂ ಕಣಿವೆಯಲ್ಲಿ ಕಾಪಿಲಿಯರ್ ಎಂದು ಕರೆಯಲ್ಪಡುವ ಒಕ್ಕಲಿಗರೂ, ಮಧುರೈ, ದಿಂಡಿಗಲ್ಲು ಸೀಮೆಗಳಲ್ಲಿ ಅನುಪ್ಪರೂ ತಲೆಮಾರುಗಳಿಂದ ಮನೆಯಲ್ಲಿ ಕನ್ನಡ ಮಾತಾಡುತ್ತ ಬಂದಿದ್ದಾರೆ. ತಮ್ಮ ಪೂರ್ವಜರು ಕನ್ನಡ ನಾಡಿನಿಂದ ದಕ್ಷಿಣಕ್ಕೆ ಬಂದವರೆಂಬುದು ಅವರ ಪರಂಪರೆಯ ನಂಬಿಕೆ. ಅವರ ಮಕ್ಕಳು ಓದು ಬರಹ ಕಲಿಯುವುದು ತಮಿಳಿನಲ್ಲಿ, ಇಂಗ್ಲಿಷಿನಲ್ಲಿ. ಕನ್ನಡವು ಅಡುಗೆಮನೆ, ಕೊಟ್ಟಿಗೆ, ಜಗಲಿಗಳ ನುಡಿಯಾಗಿ ಉಳಿಯಿತು. ಅಲ್ಲಿ ಕನ್ನಡವನ್ನು ಬಡವಾಗಿಸಿದ್ದು ಪೆನ್ನಿಕ್ವಿಕ್, ಲೋವರ್ ಕ್ಯಾಂಪ್‌ಗಳಂಥ ಪದಗಳಲ್ಲ. ತಾಯಿನುಡಿಯ ಅಕ್ಷರ ಕಲಿಸುವ ಶಾಲೆಯೊಂದು ಕೈಗೆಟುಕದಿದ್ದುದೇ ಅದರ ನಿಜವಾದ ಕೊರತೆ.

ಮಗು ಮನೆಗೆ ಹತ್ತು ಇಂಗ್ಲಿಷ್ ಪದ ತಂದರೆ ಪಾಲಕರು ಅಂಜಬೇಕಿಲ್ಲ. ಉಪಕಾರ ಮಾಡುವ ಪದ ತಾನಾಗಿ ಉಕಾರ ತೊಟ್ಟು ಕನ್ನಡವಾಗುತ್ತದೆ. ಆದರೆ ಅದಕ್ಕೆ ಉಕಾರ ತೊಡಿಸುವ ನುಡಿ ಗಟ್ಟಿಯಾಗಿರಬೇಕು, ಆ ನುಡಿಗೆ ಓದು ಬರಹದ ನೆಲೆಯಿರಬೇಕು. ಕಂಬಂ ಕಣಿವೆಯ ಕನ್ನಡಿಗರಿಗೆ ದೊರೆಯದ ಆ ನೆಲೆಯನ್ನು ಈ ಶಾಲೆ ನೂರು ವರ್ಷ ನಮಗೆ ಕೊಟ್ಟಿದೆ. ಅದನ್ನು ಮುಂದಿನವರಿಗೆ ದಾಟಿಸುವುದು ಇಲ್ಲಿ ಅಕ್ಷರ ಕಲಿತ ನಮ್ಮೆಲ್ಲರ ಋಣ.